ಕಡಲ ಮುಂದೊಂದು ಕುರ್ಚಿ

ತೊಂದರೆ ಶುರುವಾದದ್ದು ಒಂದು ಕಡಲೆಕಾಳಿನಿಂದ.

ನಾಡಿದ್ದು ಹೊರಡಬೇಕಾಗಿದ್ದ ದ್ವೀಪದೇಶದ ನಕಾಶೆ ಒಂದು ವಾರದಿಂದ ಊಟದ ಮೇಜನ್ನು ಆಕ್ರಮಿಸಿಕೊಂಡಿತ್ತು. ಮನೆಯವರು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಬದನೆಕಾಯಿ ಆಕಾರದ ಆ ಪುಟ್ಟ ದೇಶದಲ್ಲಿ ನೋಡಲೇಬೇಕಾದ ಜಾಗ ಒಂದು ಗೊತ್ತಾದರೆ ಅಲ್ಲೊಂದು ಕಡಲೆಕಾಳು ಇಡುವುದು ಹೆಂಡತಿಯ ಕ್ರಮ. ಜಲಪಾತಕ್ಕೊಂದು, ಹಳೇ ಕೋಟೆಗೊಂದು, ಆಮೆಮರಿ ಸಾಕುವ ಕಡೆಗೊಂದು, ಲವಂಗದ ತೋಟಕ್ಕೊಂದು. ಈಗ ಆ ದೇಶ ಸಿಡುಬು ಎದ್ದ ಮುಖದ ಹಾಗೆ ಕಾಣುತ್ತಿತ್ತು. ಪ್ರವಾಸ ನಾಲ್ಕೇ ದಿನದ್ದು.

ಹೆಂಡತಿ ಹೈಸ್ಕೂಲ್ ಟೀಚರು. ಇಡೀ ಶಾಲೆಯ ಟೈಮ್‌ಟೇಬಲ್ ಹಾಕುವವಳು ಅವಳೇ. ಎಲ್ಲಾದರೂ ಒಂದು ಪೀರಿಯಡ್ ಖಾಲಿ ಕಂಡರೆ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅಂಥವಳ ಕೈಗೆ ನಾಲ್ಕು ದಿನ ಪೂರ್ತಿ ಖಾಲಿ ಕೊಟ್ಟರೆ ಸುಮ್ಮನಿರುತ್ತಾಳೆಯೇ?

ಗಂಡನ ಹೆಸರು ಸೈಜಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ಅವನೂ ಸೇರಿದಂತೆ ಎಲ್ಲರೂ ಮರೆತಿದ್ದರು. ಪೇಟೆಯ ಚಪ್ಪಲಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಸೇಲ್ಸ್‌ಮನ್. ಎದುರಿಗೆ ಯಾರೇ ಬಂದರೂ ಮುಖ ನೋಡುವ ಮೊದಲು ಪಾದ ನೋಡಿ "ಎಂಟು" ಅಂತಲೋ "ಒಂಬತ್ತು" ಅಂತಲೋ ಗೊಣಗುವ ಚಾಳಿಯಿಂದ ಬಂದ ಹೆಸರು ಅದು. ಬೆಳಗಾದರೆ ಏಣಿ ಹತ್ತಿ ಡಬ್ಬ ಇಳಿಸಬೇಕು, ಗಿರಾಕಿಯ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರಬೇಕು, "ಇದರಲ್ಲೇ ಇನ್ನೊಂದು ಬಣ್ಣ ಇದ್ಯಾ" ಅಂದರೆ ಮತ್ತೆ ಏಣಿ ಹತ್ತಬೇಕು. ಹಾಗಾಗಿ ಆ ದ್ವೀಪದಿಂದ ಅವನಿಗೆ ಬೇಕಾಗಿದ್ದದ್ದು ಒಂದೇ. ಸಮುದ್ರದ ಮುಂದೊಂದು ಕುರ್ಚಿ, ಅದರಲ್ಲಿ ತಾನು, ಮುಂದಕ್ಕೆ ಚಾಚಿದ ಎರಡು ಕಾಲು, "ಏಳಪ್ಪ" ಅನ್ನುವವರು ಯಾರೂ ಇಲ್ಲ. ಹೆಂಡತಿ ದೊಡ್ಡ ಮನಸ್ಸು ಮಾಡಿ ಮೂರನೇ ದಿನದ ಸಂಜೆ ಅರ್ಧ ಗಂಟೆ ಕಡಲತೀರಕ್ಕೆ ಅಂತ ಒಂದು ಕಾಳು ಇಟ್ಟಿದ್ದಳು.

ಇವತ್ತು ಬೆಳಿಗ್ಗೆ ಬಾಮೈದನ ಕಣ್ಣು ಆ ಕಾಳಿನ ಮೇಲೆ ಬಿತ್ತು. ಬಾಮೈದ ಆ ದೇಶದ ವಿಷಯದಲ್ಲಿ ಮನೆಗೆಲ್ಲ ಪಂಡಿತ. ಹಿಂದೊಮ್ಮೆ ಬೇರೆಲ್ಲಿಗೋ ಹೋಗುವಾಗ ವಿಮಾನ ಬದಲಿಸಲು ಅಲ್ಲಿನ ಏರ್‌ಪೋರ್ಟಿನಲ್ಲಿ ಅರ್ಧ ದಿನ ಕೂತು ಬಂದಿದ್ದ ಪುಣ್ಯಾತ್ಮ. ಅಂದಿನಿಂದ "ನಮ್ಮ ದ್ವೀಪದಲ್ಲಿ" ಅಂತಲೇ ಮಾತು ಶುರುಮಾಡುತ್ತಿದ್ದ.

"ಅಕ್ಕಾ, ಈ ಬೀಚು ಯಾಕೆ ದಂಡಕ್ಕೆ? ನಮ್ಮ ದ್ವೀಪದಲ್ಲಿ ಕಾರಿನ ಕಿಟಕಿಯಿಂದ ನೋಡಿದ್ರೂ ಸಮುದ್ರಾನೇ. ಸುತ್ತಲೂ ಅದೇ ತಾನೆ ಇರೋದು? ಆ ಹೊತ್ತಲ್ಲಿ ಲೈಟ್‌ಹೌಸ್ ಹತ್ತಿ ಇಳಿದುಬಿಡಬಹುದು."

"ಹೌದಲ್ವೇನೋ," ಎನ್ನುತ್ತ ಹೆಂಡತಿ ಕಾಳನ್ನು ಎತ್ತಿ ಲೈಟ್‌ಹೌಸ್ ಇದ್ದ ಗುಡ್ಡದ ನೆತ್ತಿಗೆ ಇಟ್ಟಳು.

"ಅದು ನನ್ನ ಕಾಳು," ಎಂದ ಸೈಜಪ್ಪ.

"ನಿಮ್ದು ನಮ್ದು ಅಂತ ಬೇರೆ ಇದ್ಯೇನ್ರೀ? ಕೂತ್ಕೊಳ್ಳೋಕೆ ಅಂತ ಯಾರಾದ್ರೂ ಅಷ್ಟು ದೂರ ಹೋಗ್ತಾರಾ? ಮನೇಲಿ ಕುರ್ಚಿ ಇಲ್ವಾ?"

ಮನೆಯಲ್ಲಿ ಕುರ್ಚಿಗಳಿದ್ದವು. ಸದ್ಯಕ್ಕೆ ಅವುಗಳಲ್ಲಿ ಸೂಟ್‌ಕೇಸುಗಳು ಕೂತಿದ್ದವು. ಸೈಜಪ್ಪ ಅಂಗಡಿಗೆ ಹೊರಟ.

ಮೆಟ್ಟಿಲಿಳಿಯುತ್ತಿರುವಾಗ ತಲೆಗೆ ಒಂದು ವಿಚಾರ ಹೊಳೆಯಿತು. ಹೋಟೆಲು ಹೇಗೂ ಸಮುದ್ರದ ದಂಡೆಯಲ್ಲೇ ಇದೆ. ಈಗ ತನ್ನ ಕಾಲು ಉಳುಕಿತು ಅಂತಿಟ್ಟುಕೊಳ್ಳೋಣ. ಉಳುಕಿದ ಕಾಲಿನವನನ್ನು ಲೈಟ್‌ಹೌಸ್ ಹತ್ತಿಸುವಷ್ಟು ಕಟುಕರೇನಲ್ಲ ಅವರು. ಅವರು ಕಾಳಿನಿಂದ ಕಾಳಿಗೆ ಓಡಾಡಿಕೊಂಡಿರಲಿ, ತಾನು ಹೋಟೆಲಿನ ಮುಂದೆ ಕುರ್ಚಿ ಹಾಕಿಸಿಕೊಂಡು ನಾಲ್ಕು ದಿನ ಹಾಯಾಗಿ ಕೂತಿರಬಹುದು. ಕೊನೇ ಮೆಟ್ಟಿಲಲ್ಲಿ ಸೈಜಪ್ಪ ಅತ್ತಿತ್ತ ನೋಡಿದ. ಪ್ಯಾಂಟು ಕೊಳೆಯಾಗದಿರಲೆಂದು ಕರ್ಚೀಫು ಹಾಸಿದ, ಅದರ ಮೇಲೆ ನಿಧಾನವಾಗಿ ಕೂತ. ಆಮೇಲೆ, "ಅಯ್ಯಯ್ಯೋ, ಸತ್ತೆ," ಎಂದು ಕೂಗಿಕೊಂಡ.

ಮೊದಲು ಬಾಗಿಲು ತೆರೆದವರು ಕೆಳಮನೆಯ ರೆಫ್ರಿ. ಮೂವತ್ತು ವರ್ಷ ಫುಟ್‌ಬಾಲ್ ಮೈದಾನದಲ್ಲಿ ಸೀಟಿ ಊದಿ ನಿವೃತ್ತರಾದವರು. ಯಾರೂ ಮುಟ್ಟದಿದ್ದರೂ ಬಿದ್ದು ಹೊರಳಾಡುವ ಆಟಗಾರರನ್ನು ನೋಡೀ ನೋಡೀ ಅವರಿಗೆ ಮನುಷ್ಯಜಾತಿಯ ಮೇಲೇ ನಂಬಿಕೆ ಹೋಗಿತ್ತು.

"ಯಾವ ಕಾಲು?"

"ಎಡಗಾಲು ಸಾರ್."

"ಬಿದ್ದ ಸದ್ದೇ ಕೇಳಿಸ್ಲಿಲ್ಲವಲ್ಲ."

"ಮೆಲ್ಲಗೆ ಬಿದ್ದೆ ಸಾರ್."

ರೆಫ್ರಿ ಕರ್ಚೀಫನ್ನು ನೋಡಿದರು, ಸೈಜಪ್ಪನನ್ನು ನೋಡಿದರು. ಅಷ್ಟರಲ್ಲಿ ಹೆಂಡತಿ ಓಡಿಬಂದಳು. ಗಾಬರಿಯಿಂದ ಬಟ್ಟೆ ಸುತ್ತಿ ಬಿಗಿಯಾಗಿ ಪಟ್ಟಿ ಕಟ್ಟಿದಳು. ಸೈಜಪ್ಪನಿಗೆ ಸ್ವಲ್ಪ ಪಾಪಪ್ರಜ್ಞೆ ಕಾಡುವಷ್ಟರಲ್ಲಿ ಅವಳೇ ಅದನ್ನು ಗುಣಪಡಿಸಿದಳು.

"ಅಂಗಡೀಲಿ ಹೇಗೂ ಸ್ಟೂಲ್ ಮೇಲೆ ಕೂತು ಮಾಡೋ ಕೆಲ್ಸ ತಾನೆ? ಹೋಗಿಬನ್ನಿ. ರಜೆ ಹಾಕಿದ್ರೆ ಆಮೇಲೆ ಪ್ರವಾಸಕ್ಕೆ ರಜೆ ಸಿಗಲ್ಲ."

ಹೀಗೆ ಸೈಜಪ್ಪ ಕುಂಟುತ್ತ ಅಂಗಡಿಗೆ ಹೋದ. ಅಂಗಡಿಯ ಯಜಮಾನರು ಪಟ್ಟಿ ಕಂಡೊಡನೆ ಹೌಹಾರಿದರು. ಅವನ ಮೇಲಿನ ಮಮತೆಯಿಂದಲ್ಲ. "ಚಪ್ಪಲಿ ಅಂಗಡಿಯವನೇ ಕುಂಟಿದ್ರೆ ಗಿರಾಕಿಗಳು ಏನಂದ್ಕೋತಾರಯ್ಯಾ," ಎಂದು ತಲೆಯ ಮೇಲೆ ಕೈ ಹೊತ್ತುಕೊಂಡರು. ಆದರೆ ವ್ಯಾಪಾರಿಯ ತಲೆ, ಬಹಳ ಹೊತ್ತು ಸುಮ್ಮನಿರುವಂಥದ್ದಲ್ಲ. ಎದುರು ಸಾಲಿನಲ್ಲಿ ಆರು ತಿಂಗಳ ಹಿಂದೆ ಇನ್ನೊಂದು ಚಪ್ಪಲಿ ಅಂಗಡಿ ಶುರುವಾಗಿ ಅವರ ಹೊಟ್ಟೆ ಉರಿಸುತ್ತಿತ್ತು. ಯಜಮಾನರು ಒಂದು ಕುರ್ಚಿ ತರಿಸಿ ಬಾಗಿಲಲ್ಲಿ ಹಾಕಿಸಿದರು. ಸೈಜಪ್ಪನನ್ನು ಅದರಲ್ಲಿ ಕೂರಿಸಿ, ಪಟ್ಟಿ ಕಟ್ಟಿದ ಕಾಲನ್ನು ರಸ್ತೆಗೆ ಕಾಣುವ ಹಾಗೆ ಡಬ್ಬಗಳ ಮೇಲೆ ಇಡಿಸಿದರು. ಬಂದಬಂದ ಗಿರಾಕಿಗಳಿಗೆಲ್ಲ ತಗ್ಗಿದ ದನಿಯಲ್ಲಿ, "ಪಾಪ, ಎದುರಂಗಡಿ ಶೂ ಹಾಕ್ಕೊಂಡಿದ್ದ," ಎಂದು ಮರುಗಿದರು.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಸೈಜಪ್ಪ ಅಂಗಡಿಯಲ್ಲಿ ಕಾಲು ಚಾಚಿ ಕೂತಿದ್ದ. ಸಮುದ್ರವೊಂದಿಲ್ಲ ಅನ್ನುವುದು ಬಿಟ್ಟರೆ ಏನೂ ಕೊರತೆಯಿರಲಿಲ್ಲ. ಸ್ವರ್ಗಕ್ಕೆ ಮೂರೇ ಗೇಣು ಎಂದುಕೊಂಡು ಕಣ್ಣು ಮುಚ್ಚಿದ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟಾಗ ಎದುರಂಗಡಿಯ ಮಾಲೀಕ ಮುಂದೆ ನಿಂತಿದ್ದ. ಆಳು ಆರಡಿ ಎತ್ತರ. ಸೈಜಪ್ಪ ಅಭ್ಯಾಸಬಲದಿಂದ ಕೆಳಗೆ ನೋಡಿ "ಹನ್ನೊಂದು" ಎಂದ.

"ನನ್ನ ಅಂಗಡಿಯಿಂದ ಯಾವತ್ತು ಶೂ ತಗೊಂಡೆ ನೀನು?"

"ನಾನೇನೂ ಹೇಳಿಲ್ಲ ಸಾರ್. ಯಜಮಾನ್ರು..."

ಸೈಜಪ್ಪ ಒಳಗೆ ತಿರುಗಿ ನೋಡಿದ. ಯಜಮಾನರು ಏಣಿ ಹತ್ತಿ ಯಾವುದೋ ಡಬ್ಬ ಹುಡುಕುವುದರಲ್ಲಿ ಮೈಮರೆತಿದ್ದರು. ಅವರು ಏಣಿ ಹತ್ತಿದ್ದನ್ನು ಅವನು ಅಲ್ಲಿಯವರೆಗೆ ನೋಡಿರಲಿಲ್ಲ.

"ಬಿಚ್ಚು ಪಟ್ಟಿ. ನೋಡೇಬಿಡೋಣ ಏನಾಗಿದೆ ಅಂತ," ಎಂದು ಎದುರಂಗಡಿಯವನು ಕಾಲಿಗೆ ಕೈ ಹಾಕಿದ.

ಸೈಜಪ್ಪ ಎರಡೂ ಕಾಲಿಗೆ ಬುದ್ಧಿ ಹೇಳಿದ. ಬಿಚ್ಚಿದ ಪಟ್ಟಿ ಹಿಂದೆ ಬಾಲದ ಹಾಗೆ ಹಾರಾಡುತ್ತಿರಲು ಪೇಟೆ ದಾಟಿ, ತರಕಾರಿ ಸಾಲು ದಾಟಿ, ಬ್ಯಾಂಕಿನ ಮೂಲೆಯಲ್ಲಿ ತಿರುಗಿ, ಒಂದು ಟೀ ಅಂಗಡಿಯ ಬೆಂಚಿನ ಮೇಲೆ ದೊಪ್ಪನೆ ಬಿದ್ದ. ಬೆಂಚಿನ ಇನ್ನೊಂದು ತುದಿಯಲ್ಲಿ ರೆಫ್ರಿ ಕೂತು ಟೀ ಕುಡಿಯುತ್ತಿದ್ದರು.

"ಓಟ ಚೆನ್ನಾಗಿತ್ತು," ಎಂದರು ಅವರು.

ಇನ್ನೇನು ಉಳಿಯಿತು? ಸೈಜಪ್ಪ ಎಲ್ಲವನ್ನೂ ಒಪ್ಪಿಕೊಂಡ. ಏಣಿಯಿಂದ ಹಿಡಿದು ಕಡಲೆಕಾಳಿನ ತನಕ ಹೇಳಿ ಮುಗಿಸಿದ. "ನಾನೇನು ಕೇಳಬಾರದ್ದು ಕೇಳ್ದೆ ಹೇಳಿ ಸಾರ್? ಸುಮ್ನೆ ಕೂತ್ಕೋಬೇಕು ಅಂದೆ. ಅಷ್ಟೇ."

ರೆಫ್ರಿ ಟೀ ಲೋಟ ಕೆಳಗಿಟ್ಟರು. "ಮೋಸ ಮಾಡೋರನ್ನ ನಾನು ಸಹಿಸ್ತೀನಿ. ಹೀಗೆ ಕೆಟ್ಟದಾಗಿ ಮಾಡೋರನ್ನ ಸಹಿಸೋಕಾಗಲ್ಲ. ಬೆಳಿಗ್ಗೆ ಬಿದ್ದಾಗ ನೀವು ಯಾರಾದ್ರೂ ಬಂದ್ರಾ ಅಂತ ಬಾಗಿಲು ನೋಡ್ತಿದ್ರಿ. ನಿಜವಾಗಿ ನೋವಾದವನು ಕಾಲು ನೋಡ್ಕೋತಾನೆ. ಆಮೇಲೆ ಕುಂಟೋದು. ಅದು ಕುಂಟೋದಾ? ಗಾಡಿ ಹತ್ತೋಕೆ ಹೊರಟವರ ಹಾಗಿತ್ತು. ಏಳಿ."

ಪಟ್ಟಿ ಮತ್ತೆ ಕಟ್ಟಿಕೊಂಡ ಮೇಲೆ ಟೀ ಅಂಗಡಿಯ ಹಿಂದಿನ ಓಣಿಯಲ್ಲಿ ಪಾಠ ನಡೆಯಿತು. ಹಿಮ್ಮಡಿ ಊರಕೂಡದು. ನಡೆಯುವ ಮೊದಲು ಒಂದು ಕ್ಷಣ ಅನುಮಾನಿಸಬೇಕು. ನೋವು ಅಂತ ಬಾಯಿ ಬಿಟ್ಟು ಹೇಳಲೇಬಾರದು, ಯಾರಾದರೂ ಕೇಳಿದರೆ "ಪರವಾಗಿಲ್ಲ" ಎಂದು ನಗಬೇಕು, ಆ ನಗು ಅರ್ಧಕ್ಕೆ ನಿಲ್ಲಬೇಕು. ಮೂವತ್ತು ವರ್ಷ ಕಳ್ಳರನ್ನು ಹಿಡಿದ ವಿದ್ಯೆಯನ್ನೆಲ್ಲ ರೆಫ್ರಿ ಸಂಜೆಯ ತನಕ ಒಬ್ಬನಿಗೆ ಧಾರೆ ಎರೆದರು. ಓಣಿಯಿಂದ ಹೊರಬಿದ್ದಾಗ ಟೀ ಅಂಗಡಿಯವನು ತಾನಾಗಿ ಬಂದು ಸೈಜಪ್ಪನನ್ನು ಕೈಹಿಡಿದು ರಸ್ತೆ ದಾಟಿಸಿದ.

ಮನೆಯಲ್ಲಿ ಪರಿಣಾಮ ಅದ್ಭುತವಾಗಿತ್ತು. ರೆಫ್ರಿಯ ಹೆಗಲ ಮೇಲೆ ಕೈಹಾಕಿ ಬಂದ ಗಂಡನನ್ನು ಕಂಡು ಹೆಂಡತಿಯ ಕಣ್ಣಲ್ಲಿ ನೀರಾಡಿತು.

"ತುಂಬ ನೋವಾ?"

"ಪರವಾಗಿಲ್ಲ," ಎಂದು ಸೈಜಪ್ಪ ಅರ್ಧ ನಕ್ಕ.

ರೆಫ್ರಿ ಗಂಭೀರವಾಗಿ ತೀರ್ಪು ಕೊಟ್ಟರು. "ನೋಡಮ್ಮ, ನನ್ನ ಜೀವನದಲ್ಲಿ ಎಷ್ಟೋ ಕಾಲು ನೋಡಿದೀನಿ. ಇದು ನಾಟಕ ಅಲ್ಲ. ಒಂದು ವಾರ ನೆಲಕ್ಕೆ ಊರೋ ಹಾಗಿಲ್ಲ."

ಬಾಮೈದ ನಕಾಶೆ ನೋಡುತ್ತ, "ಹಾಗಾದ್ರೆ ಭಾವ ಹೋಟೆಲಲ್ಲೇ ಇರ್ಲಿ. ನಾವು ಸುತ್ತಾಡ್ಕೊಂಡು ಬರೋಣ," ಎಂದ. ಜೀವಮಾನದಲ್ಲಿ ಅವನು ಆಡಿದ ಮೊದಲ ಒಳ್ಳೇ ಮಾತು ಅದು. ಸೈಜಪ್ಪನಿಗೆ ಎದ್ದು ಅವನನ್ನು ಅಪ್ಪಿಕೊಳ್ಳಬೇಕೆನಿಸಿತು, ಏಳುವ ಹಾಗಿರಲಿಲ್ಲ.

"ಒಬ್ಬರನ್ನೇ ಬಿಟ್ಟು ಹೇಗೋ ಹೋಗೋದು," ಎಂದಳು ಹೆಂಡತಿ.

"ನನ್ನ ಚಿಂತೆ ಬಿಡು. ನಿಮ್ಮ ಖುಷಿ ಯಾಕೆ ಹಾಳಾಗ್ಬೇಕು? ಒಂದು ಕುರ್ಚಿ ಹಾಕಿಕೊಟ್ರೆ ಹೇಗೋ ಕಾಲ ಕಳೀತೀನಿ," ಎಂದ ಸೈಜಪ್ಪ. ಆ ತ್ಯಾಗಕ್ಕೆ ಅವನ ದನಿಯೇ ನಡುಗಿತು.

"ಇರಿ, ಯಾವುದಕ್ಕೂ ಟ್ರಾವೆಲ್ಸ್‌ನವರಿಗೆ ಒಂದು ಮಾತು ತಿಳಿಸಿಬಿಡ್ತೀನಿ," ಎಂದು ಹೆಂಡತಿ ಫೋನ್ ಹಿಡಿದು ಒಳಕೋಣೆಗೆ ಹೋದಳು.

ಬಹಳ ಹೊತ್ತಾಯಿತು. ಒಳಗಿನಿಂದ ಮೊದಲು "ಹೌದಾ?" ಎಂಬ ಮಾತು ಕೇಳಿಸಿತು, ಆಮೇಲೆ "ಎಲ್ಲರಿಗೂನಾ?", ಆಮೇಲೆ "ಅಲ್ಲೂನಾ?". ಹೊರಗೆ ಬಂದಾಗ ಅವಳ ಮುಖ ಊರಗಲವಾಗಿತ್ತು. ಸೀದಾ ಅಡುಗೆಮನೆಗೆ ಹೋಗಿ ಕಡಲೆಕಾಳಿನ ಡಬ್ಬವನ್ನೇ ಎತ್ತಿಕೊಂಡು ಬಂದಳು.

"ಏನಕ್ಕಾ?"

"ಗಾಲಿಕುರ್ಚಿ ಕೊಡ್ತಾರಂತೆ ಕಣೋ. ಇಲ್ಲಿ ವಿಮಾನ ಹತ್ತೋಕೆ ಮುಂಚೆ ಕೊಟ್ಟು, ಅಲ್ಲಿ ನಾಲ್ಕು ದಿನಾನೂ ಜೊತೆಗೇ ಇರುತ್ತಂತೆ. ಗಾಲಿಕುರ್ಚಿ ಇದ್ದೋರಿಗೆ ಎಲ್ಲೂ ಕ್ಯೂ ಇಲ್ಲ. ಅವರ ಜೊತೆ ಬಂದವರಿಗೂ ಇಲ್ಲ. ಕೋಟೆಗೆ ಪಕ್ಕದ ಬಾಗಿಲಿಂದ ಒಳಗೆ ಬಿಡ್ತಾರೆ. ಲೈಟ್‌ಹೌಸಿಗೆ ಲಿಫ್ಟ್ ಇದ್ಯಂತೆ, ಇಂಥವರಿಗೆ ಮಾತ್ರ ತೆಗೀತಾರಂತೆ." ಒಂದು ಹಿಡಿ ಕಾಳು ಕೈಗೆ ತೆಗೆದುಕೊಂಡಳು. "ಲೆಕ್ಕ ಹಾಕ್ದೆ. ಪ್ರತಿ ದಿನ ಎಷ್ಟು ಪೀರಿಯಡ್ ಉಳಿಯುತ್ತೆ ಗೊತ್ತಾ?"

ಕಾಳುಗಳು ಟಕಟಕನೆ ದ್ವೀಪದ ಮೇಲೆ ಬೀಳತೊಡಗಿದವು. ಹಾವಿನ ಉದ್ಯಾನ, ಚಿಟ್ಟೆಮನೆ, ಹಡಗಿನ ವಸ್ತುಸಂಗ್ರಹಾಲಯ, ಎರಡನೇ ಜಲಪಾತ. ಬಾಮೈದ ತನಗೆ ಗೊತ್ತಿಲ್ಲದ ಊರುಗಳನ್ನೆಲ್ಲ ಶಿಫಾರಸು ಮಾಡುತ್ತ ಹೋದ.

"ಇದೇನೋ ಈಗ ನೋವು ಕಮ್ಮಿಯಾದ ಹಾಗಿದೆ," ಎಂದು ಸೈಜಪ್ಪ ಎದ್ದು ನಿಂತ. ಎರಡು ಹೆಜ್ಜೆ ನಡೆದೂ ತೋರಿಸಿದ. ಹಿಮ್ಮಡಿ ನೆಟ್ಟಗೆ ಊರಿದ. "ನೋಡು, ಸರಿಹೋಯ್ತು."

"ಕೂತ್ಕೊಳ್ಳಿ," ಎಂದರು ರೆಫ್ರಿ. ಈಗಷ್ಟೇ ತಮ್ಮ ಜೀವನದ ಮೊದಲ ಸುಳ್ಳು ತೀರ್ಪು ಕೊಟ್ಟು ಕೂತಿದ್ದರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವರ ವೃತ್ತಿಯಲ್ಲೇ ಇರಲಿಲ್ಲ. "ಒಂದು ವಾರ ಅಂದ್ರೆ ಒಂದು ವಾರ."

"ಅಲ್ಲಾ, ನಿಜವಾಗ್ಲೂ ಸರಿಹೋಗಿದೆ. ಬೇಕಾದ್ರೆ ಕುಣಿದು ತೋರಿಸ್ತೀನಿ."

ಹೆಂಡತಿ ಕಾಳು ಇಡುವುದನ್ನು ನಿಲ್ಲಿಸಿ ಗಂಡನನ್ನು ನೋಡಿದಳು. ಊರಿದ ಹಿಮ್ಮಡಿಯನ್ನೂ ನೋಡಿದಳು. ಆ ನೋಟದಲ್ಲಿ ಅವಳಿಗೆ ಎಲ್ಲವೂ ಅರ್ಥವಾಯಿತೋ ಇಲ್ಲವೋ, ಹೇಳುವುದು ಕಷ್ಟ. ದನಿ ಮಾತ್ರ ಕ್ಲಾಸಿನಲ್ಲಿ ಇರುವಂಥದ್ದೇ ಇತ್ತು.

"ಕುಣಿಯೋದು ಗಿಣಿಯೋದು ಏನೂ ಬೇಡ. ಸರಿಹೋಗೋ ಹಾಗಿದ್ರೆ ವಾಪಸ್ ಬಂದ ಮೇಲೆ ಸರಿಹೋಗ್ಲಿ. ಟ್ರಾವೆಲ್ಸ್‌ನವರಿಗೆ ಹೇಳಿಯಾಗಿದೆ."

ಸೈಜಪ್ಪ ಕುಸಿದು ಕೂತ. ಮುಳುಗುವವನು ಕೊನೆಯ ಸಲ ಕೈಯೆತ್ತುವ ಹಾಗೆ ಕೇಳಿದ, "ಹೋಗ್ಲಿ, ಒಂದು ದಿನ ಸಂಜೆ ಸಮುದ್ರದ ಹತ್ರ..."

"ಮರಳಲ್ಲಿ ಗಾಲಿ ಹೂತುಹೋಗುತ್ತಂತೆ ರೀ. ಅದೊಂದು ಜಾಗಕ್ಕೆ ಮಾತ್ರ ಬರೋಕಾಗಲ್ಲ ಅಂದ್ರು. ರೂಮೂ ಬದಲಾಯಿಸಿದ್ದಾರೆ ಪಾಪ, ಹಿಂದುಗಡೆ ಕಾರು ನಿಲ್ಲಿಸೋ ಜಾಗದ ಪಕ್ಕ. ನಿಮ್ಮನ್ನ ಬೆಳಿಗ್ಗೆ ಬೇಗ ಹತ್ತಿಸೋಕೆ ಅನುಕೂಲ ಅಂತ."

ಬಾಮೈದ ಮರುಕದಿಂದ ಸೈಜಪ್ಪನ ಬೆನ್ನು ಸವರಿದ.

"ಯಾಕೆ ಭಾವ ಮುಖ ಸಪ್ಪೆ ಮಾಡ್ಕೊಂಡಿದೀರಿ? ನಾಲ್ಕು ದಿನ ಪೂರ್ತಿ ಕುರ್ಚಿ ಬಿಟ್ಟು ಏಳೋದೇ ಇಲ್ಲ ನೀವು. ಅದನ್ನೇ ತಾನೆ ಕೇಳಿದ್ದು?"