ಸಿಂಥೆಟಿಕ್ ಎಣ್ಣೆಯ ಸುಖಪ್ರಯಾಣ

ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಕೊಳ್ಳಲು ನಾಲ್ಕಾರು ಅಂಗಡಿ ತಿರುಗುವ ನಮ್ಮ ಮನೆಯವರು, ಅಂದರೆ ಶ್ರೀಮಾನ್ ವೀರಭದ್ರಪ್ಪನವರು, ಒಂದು ಸಂಜೆ ತಮ್ಮ ಕಾರಿನ ಇಂಜಿನ್ನಿಗೆಂದು ಬಂಗಾರದ ಬಣ್ಣದ ಒಂದು ಡಬ್ಬಿ ತಂದರು. ಅದನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದ ರೀತಿ ನೋಡಬೇಕಿತ್ತು. ನಮ್ಮ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನವೂ ಅಷ್ಟು ಜೋಪಾನ ಇರಲಿಲ್ಲ.

"ಫುಲ್ ಸಿಂಥೆಟಿಕ್ ಐತಿ," ಎಂದರು. "ಇಂಜಿನ್ ಬೆಣ್ಣಿ ಹಂಗ ಓಡತೈತಿ."

ಬೆಲೆ ಕೇಳಿದೆ. ಸಾದಾ ಎಣ್ಣೆಯ ಮೂರು ಪಟ್ಟು. ಕಾರೋ, ಮಗಳು ಶಾಲೆಗೆ ಹೋಗುತ್ತಿದ್ದಾಗಿನದು. ಕುಷಾಯಿಗೂಡದ ನಮ್ಮ ಮನೆಯಿಂದ ಇವರ ಕಾರ್ಖಾನೆಗೆ ನಡೆದೇ ಹೋಗಬಹುದು. (ಹೋಗುವುದಿಲ್ಲ.) ರವಿವಾರ ಮಾತ್ರ ಕಾರಿಗೆ ವ್ಯಾಯಾಮ ಆಗಬೇಕೆಂದು ಒಬ್ಬರೇ ದೂರ ಸುತ್ತಿ ಬರುತ್ತಾರೆ. ಪ್ರತಿ ಸಲ ನನ್ನನ್ನೂ ಕರೆಯುತ್ತಾರೆ. ಮೊಣಕಾಲು ನೋವು, ಬಿಸಿಲು, ನೆನೆಹಾಕಿದ ಬೇಳೆ, ಹೀಗೆ ಏನಾದರೊಂದು ಹೇಳಿ ನಾನು ತಪ್ಪಿಸಿಕೊಳ್ಳುತ್ತೇನೆ. ಅಂಥ ಮುದಿ ಕಾರಿಗೆ ರಾಜಭೋಗದ ತೈಲ, ನನ್ನ ತಲೆಗೆ ಆಫರಿನಲ್ಲಿ ಬಂದದ್ದು!

ದುಃಖ ತಡೆಯದೆ ಹುಬ್ಬಳ್ಳಿಯ ಅಕ್ಕ ಶೋಭಾಳಿಗೆ ಫೋನ್ ಮಾಡಿ, ಇವರು ಭಾರೀ ದುಬಾರಿ ಎಣ್ಣೆಗೆ ಇಳಿದಿದ್ದಾರೆ ಎಂದೆ. ಆಕೆ, ದಿನಾ ಕುಡಿಯುತ್ತಾರೋ ಅಥವಾ ಹಬ್ಬಕ್ಕಷ್ಟೇನೋ ಎಂದು ಮೆಲ್ಲಗೆ ಕೇಳಿದಳು. ಅದು ಇಂಜಿನ್ನಿನ ಎಣ್ಣೆ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಆಕೆಯ ಅಳುವೇ ಮುಗಿದಿತ್ತು.

ಅಕ್ಕನಿಂದ ಪ್ರಯೋಜನವಿಲ್ಲವೆಂದು ಗೊತ್ತಾದ ಮೇಲೆ ನಾನೇ ಒಂದು ಉಪಾಯ ಹೂಡಿದೆ. ನಮ್ಮ ಕಾರು ನೋಡಿಕೊಳ್ಳುವ ಮೆಕ್ಯಾನಿಕ್ ಅಂಬಾದಾಸ ಬೀದರ ಕಡೆಯವನು, ನನ್ನನ್ನು ಅಕ್ಕಾರ ಎಂದು ಕರೆಯುವವನು. ಮರುದಿನ ಇವರು ಕಾರನ್ನೂ ಡಬ್ಬಿಯನ್ನೂ ಅವನ ಗ್ಯಾರೇಜಿನಲ್ಲಿ ಬಿಟ್ಟು ಕೆಲಸಕ್ಕೆ ಹೋದದ್ದೇ ತಡ, ನಾನು ಅವನಿಗೆ ಫೋನ್ ಮಾಡಿದೆ. ಇಂಜಿನ್ನಿಗೆ ಸಾದಾ ಎಣ್ಣೆಯನ್ನೇ ಹಾಕು, ಡಬ್ಬಿಯ ಸೀಲು ಒಡೆಯದೆ ನಿನ್ನಲ್ಲಿಟ್ಟುಕೊ, ಸಾಹೇಬರ ಮುಂದೆ ಬಾಯಿ ಬಿಡಬೇಡ ಎಂದು ಅಪ್ಪಣೆ ಕೊಟ್ಟೆ. ಅವನು ಬಹಳ ಹೊತ್ತು ಒದ್ದಾಡಿ ಹೂಂ ಎಂದ. ಇವರು ಸಾದಾ ಎಣ್ಣೆಯನ್ನೇ ಹಾಡಿ ಹೊಗಳಬೇಕು. ಮುಂದಿನ ಸರ್ವಿಸಿನ ದಿನ ನಾನು ಆ ಡಬ್ಬಿಯನ್ನು ಇವರೆದುರು ಪ್ರತಿಷ್ಠಾಪಿಸಬೇಕು. ಇದು ನನ್ನ ಯೋಜನೆ.

ಆ ರವಿವಾರ ಇವರು ಕರೆಯುವ ಮೊದಲೇ ನಾನು ಸೀರೆ ಉಟ್ಟು ತಯಾರಾಗಿದ್ದೆ. ಮೋಸಹೋದ ಗಂಡನನ್ನು ಪಕ್ಕದಲ್ಲೇ ಕೂತು ನೋಡುವ ಸುಖವನ್ನು ಯಾವ ಹೆಂಡತಿ ಬಿಟ್ಟಾಳು? ಮುಖ್ಯರಸ್ತೆಗೆ ಬಂದದ್ದೇ ಇವರು ಸ್ಟೀರಿಂಗ್ ಸವರಿ, "ಕೇಳಿದೇನು? ಸಪ್ಪಳನ ಇಲ್ಲ," ಎಂದರು. ನನಗೆ ಇಂಜಿನ್ ಗರಗರ ಎನ್ನುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಪ್ಪಟ ಸಾದಾ ಎಣ್ಣೆಯ ಗರಗರ. ಸೆರಗು ಬಾಯಿಗೊತ್ತಿಕೊಂಡು ನಕ್ಕೆ.

ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ. ಕೋಠಿಗೆ ಹೋಗಿ ನಾನು ರವಿಕೆ ಬಟ್ಟೆ ಆರಿಸಿದರೆ ಇವರು ಹಳೆಯ ಪುಸ್ತಕ ಕೆದಕಿದರು. ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ನನ್ನನ್ನು ನೋಡಲು ಬರುವ ದಿನ ಬಸ್ಸು ಕೆಟ್ಟು, ಉಳ್ಳಾಗಡ್ಡಿ ಚೀಲಗಳ ಮೇಲೆ ಕೂತು ಟೆಂಪೋದಲ್ಲಿ ಬಂದ ಕಥೆ ಹೇಳಿದರು. ಇಷ್ಟು ವರ್ಷ ಹೇಳಿರಲಿಲ್ಲ. (ಅಂದು ನಮ್ಮ ಪಡಸಾಲೆಯಲ್ಲಿ ತುಂಬಿದ್ದ ವಾಸನೆ ಯಾವುದೆಂದು ನನಗೆ ಈಗ ತಿಳಿಯಿತು.) ನಡುನಡುವೆ ಎಣ್ಣೆಯ ಗುಣಗಾನ ಮಾಡುವರು, ನಾನು ನಗುವೆ, ನಾನು ನಕ್ಕದ್ದಕ್ಕೆ ಇವರೂ ನಗುವರು. ಮೊಣಕಾಲು ಎಂಬುದೊಂದು ಇದೆಯೆಂದೇ ನನಗೆ ಮರೆತುಹೋಗಿತ್ತು.

ಅಂತೂ ಸರ್ವಿಸಿನ ದಿನ ಬಂತು. ನನ್ನನ್ನು ಕಂಡದ್ದೇ ಅಂಬಾದಾಸ ಯಾವುದೋ ಕಾರಿನ ಕೆಳಗೆ ಸರಿಯಲು ನೋಡಿದ.

"ನಾ ಇಡಾಕ ಹೇಳಿದ್ದ ಡಬ್ಬಿ ತಗೊಂಬಾ ಅಂಬಾದಾಸ," ಎಂದೆ.

ಅವನು ಇವರ ಮುಖ ನೋಡಿದ. ಇವರು ಆಕಾಶ ನೋಡಿದರು. ಒಳಗಿಂದ ತಂದು ನನ್ನ ಕೈಗಿಟ್ಟ ಡಬ್ಬಿ ಹತ್ತಿಯಷ್ಟು ಹಗುರವಾಗಿತ್ತು. ಮುಚ್ಚಳ ತೆಗೆದು ಬಗ್ಗಿಸಿದರೆ ಉಳಿದಿದ್ದ ಒಂದೇ ಹನಿ ನನ್ನ ಸೀರೆಯ ಮೇಲೆ ಬಿತ್ತು.

ಅವತ್ತು ನಾನು ಫೋನ್ ಇಟ್ಟ ಕೂಡಲೇ ಅವನು ಇವರಿಗೆ ಫೋನ್ ಮಾಡಿದ್ದನಂತೆ. ಅಕ್ಕಾರ ಮಾತು ಮೀರಲಾರೆ, ಸಾಹೇಬರಿಗೆ ಸುಳ್ಳು ಹೇಳಲಾರೆ, ನೀವೇ ದಾರಿ ತೋರಿಸಿ ಎಂದಿದ್ದನಂತೆ. ಇವರು ಸಿಂಥೆಟಿಕ್ಕನ್ನೇ ಹಾಕಿಸಿ, ನನಗೆ ಹೇಳಬೇಡ ಎಂದಿದ್ದರಂತೆ. ಅಂದರೆ ನಾನು ಇಷ್ಟು ತಿಂಗಳು ಕೇಳಿ ಕೇಳಿ ನಕ್ಕಿದ್ದು ಮೂರು ಪಟ್ಟು ಬೆಲೆಯ ಗರಗರ!

"ಆವಾಗನ ಹೇಳಬಾರದೇನ್ರಿ?" ಎಂದೆ. ಸಿಟ್ಟಿನಿಂದ ಕೇಳಬೇಕೆಂದಿದ್ದೆ, ದನಿ ಸಣ್ಣಗಾಯಿತು.

ಇವರು ಚಷ್ಮಾ ತೆಗೆದು ಒರೆಸತೊಡಗಿದರು. "ಹೇಳಿದ್ರ ನೀ ಕಾರ್ ಹತ್ತತಿದ್ದಿಲ್ಲ, ಸುಮತಿ. ಖರೇ ಹೇಳಬೇಕಂದ್ರ ಆ ಎಣ್ಣಿಯಿಂದ ನನಗೂ ಏನೂ ಫರಕ್ ಗೊತ್ತಾಗಲಿಲ್ಲ. ಸಪ್ಪಳಿಲ್ಲ ಅಂದಾಗೊಮ್ಮೆ ನೀ ನಗತಿದ್ದಿ. ಅದಕ್ಕ ಅಂತಿದ್ದೆ."

ಅಂಬಾದಾಸ ನನಗೆ ಮಜ್ಜಿಗೆ ತರಿಸಿದ. ಕಾರಿನ ಕೆಲಸ ಮುಗಿಯುವವರೆಗೂ ನಾನು ಬೆಂಚಿನ ಮೇಲೆ ಕೂತು, ಗೋಡೆಯ ಕಡೆ ಮುಖ ಮಾಡಿ, ಅದನ್ನು ಗುಟುಕು ಗುಟುಕಾಗಿ ಕುಡಿದೆ. ಲೋಟ ಖಾಲಿಯಾಗುವ ಹೊತ್ತಿಗೆ ಮನಸ್ಸು ಮೆತ್ತಗಾಗಿತ್ತು. ಕುಡಿತವಿಲ್ಲ, ಇಸ್ಪೀಟಿಲ್ಲ, ಪಾಪದ ಮನುಷ್ಯನಿಗೆ ಒಂದು ಡಬ್ಬಿ ಎಣ್ಣೆಯ ಆಸೆ. ಇರಲಿ ಬಿಡು ಎನಿಸಿತು.

ವಾಪಸು ಬರುವಾಗ ಸೋತವಳು ನಾನೇ ದೊಡ್ಡ ಮನಸ್ಸು ಮಾಡಿ ಮಾತು ತೆಗೆದೆ. "ನಾನು ಸುಮ್ಮನ ಹಟ ಮಾಡಿದ್ನಿರಿ. ಇವತ್ತ ಲಕ್ಷ್ಯ ಕೊಟ್ಟು ಕೇಳಿದ್ರ ಗೊತ್ತಾಗಾಕತ್ತೈತಿ. ಎಳ್ಳಷ್ಟೂ ಸಪ್ಪಳಿಲ್ಲ. ತುಟ್ಟಿ ಎಣ್ಣಿ ಗುಣನ ಬ್ಯಾರೆ."

ಮುಂದೆ ಸಿಗ್ನಲ್ ಬಂತು. ಕಾರು ನಿಂತ ಮೇಲೆ ಇವರು, ನನ್ನ ಕಡೆ ತಿರುಗದೆ, "ಇವತ್ತ ನಿನ್ನ ಮಾತಿಗೆ ಬೆಲೆ ಕೊಟ್ಟು ಸಾದಾ ಎಣ್ಣಿ ಹಾಕಿಸೀನಿ," ಎಂದರು.

ನಾನು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದೆ. ಸುತ್ತಲಿನ ಆಟೋಗಳ ಹಾರ್ನೆಲ್ಲ ಒಳಗೆ ನುಗ್ಗಿತು. ಮುಂದಿನ ರವಿವಾರ ಎಲ್ಲಿಗೆ ಹೋಗೋಣ ಎಂದು ಇವರು ಕೇಳಿದ್ದು ಮಾತ್ರ ಅಷ್ಟು ಗದ್ದಲದಲ್ಲೂ ನನಗೆ ಸ್ಪಷ್ಟವಾಗಿ ಕೇಳಿಸಿತು.