ಗುಂಯ್ ತಗದ ಅಳಿಯ

ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನ್ಯಾಗ ನಾ ಎಲೆಕ್ಟ್ರಾನಿಕ್ಸ್ ಕಲಸ್ತೀನಿ. ಪಾಠ ಸುಸೂತ್ರ ನಡೀತಾವು. ಆ ವಿದ್ಯಾ ಮನಿ ಮಂದಿ ಕೆಲಸಕ್ಕ ಬರ್ಲಿ ಅಂತ ಹೊಂಟಾಗಷ್ಟ ಏನರೆ ಒಂದು ಫಜೀತಿ ಆಗೇ ತೀರ್ತದ.

೧

ಖಾನಾಪುರದಾಗ ನಮ್ಮ ಮಾವನವರು ಸೋಮವಾರಕ್ಕೊಮ್ಮೆ ಸಭಾಭವನದಾಗ ವಚನ ಹಾಡ್ತಾರ. ಹಾರ್ಮೋನಿಯಂ ಬಾರಸಾವ ಊರು ಬಿಟ್ಟಾಗಿಂದ ಬರೇ ತಾಳದ ಮ್ಯಾಲ. ಅಲ್ಲಿಯ ಹಳೇ ಆಂಪ್ಲಿಫೈಯರ್ ಹಚ್ಚಿದ ಕೂಡ್ಲೇ ಸ್ಪೀಕರಿನಾಗ ಗುಂಯ್ ಅಂತ ಸುರು ಆಗ್ತದ.

"ಅಳಿಯಂದ್ರ, ಈ ಸಲ ಸಾಂಬ್ರಾದ ಹೊಸಾ ಬೀಗರು ಕೇಳಾಕ ಬರಾಕತ್ತಾರ್ರಿ. ಅವರ ಮುಂದ ಮಾನ ಹೋಗಬಾರದು. ಈ ಗುಂಯ್ ತಗೀರಿ."

"ತಗೀತೀನ್ರಿ ಮಾವಾರ. ಒಂದು ಫಿಲ್ಟರ್ ಸರ್ಕಿಟ್ ಮಾಡ್ತೀನಿ. ಬೇಕಾದ ಧ್ವನಿ ಬಿಡ್ತದ, ಬ್ಯಾಡಾದ್ದನ್ನ ತಡೀತದ."

"ಅಂಥಾದ್ದು ನಿಮ್ಮ ಅತ್ತಿಯವರ ಕಿವ್ಯಾಗ ಮೊದಲಿಂದನೂ ಐತಿ ಬಿಡ್ರಿ. ಸಂತಿಗೆ ಹೋಗೂಣು ಅಂದ್ರ ಕೇಳಸ್ತದ, ಚಹಾ ಮಾಡು ಅಂದ್ರ ಕೇಳಸಂಗಿಲ್ಲ."

೨

ಬೆಳಗಾವಿಗೆ ಬಂದು ಟಿಳಕವಾಡಿಯ ನಮ್ಮ ಮನ್ಯಾಗ ಕುಂತು, ಯಾವ ಧ್ವನಿ ಎಷ್ಟು ಹಾಯಬೇಕು ಅನ್ನೂದನ್ನ ಗೆರಿ ಎಳದು ನಕ್ಷೆ ತಗದೆ. ಗುಂಯ್ ಇರೂ ಜಾಗಾದಾಗಷ್ಟ ಗೆರಿ ಬಾವಿ ತೋಡಿದಂಗ ನೆಟ್ಟಗ ಇಳೀಬೇಕು, ಆಜೂಬಾಜೂ ಸಪಾಟ ಇರಬೇಕು. ಆದ್ರ ಖರೇ ಸಾಮಾನು ಜೋಡಿಸಿದಾಗ ಅಂಥಾ ಗೆರಿ ಬರೂದಿಲ್ಲ, ಇಳಿಜಾರಾಗಿ ಬರ್ತದ. ಬೇಕಾದ್ದರ ಆದಷ್ಟು ಸಮೀಪ ಹೋಗೂದೇ ನಮ್ಮ ವಿದ್ಯಾ. ಎರಡೂ ಗೆರಿ ತೋರಿಸಿ ಹೆಂಡ್ತಿಗೆ ಇದನ್ನೆಲ್ಲಾ ತಿಳಿಸಿ ಹೇಳಿದೆ.

"ತಿಳೀತ್ ಬಿಡ್ರಿ," ಅಂದ್ಲು. "ಗಂಡ ಹಿಂಗಿರಬೇಕು ಅಂತ ನಾನೂ ಒಂದು ನಕ್ಷೆ ತಗದಿದ್ದೆ. ಆಮ್ಯಾಲ ನೀವು ಬಂದ್ರಿ. ಸಮೀಪ ಅದೀರಿ, ನಡೀತದ."

೩

ಸೋಮವಾರ ಬೀಗರು ಮುಂದಿನ ಸಾಲಿನ್ಯಾಗ ಬಂದು ಕುಂತ್ರು. ನನ್ನ ಡಬ್ಬಿ ಜೋಡಿಸಿ ಸ್ವಿಚ್ ಹಾಕಿದೆ. ಗುಂಯ್ ಬಂದ್! ನನ್ನ ಎದಿ ಉಬ್ಬಿತು.

ಮಾವನವರು ಬಾಯಿ ತಗದ್ರು. ಮೊದಲನೇ ಸಾಲು ಮ್ಯಾಲ ಹೋತು, ಎರಡನೇದು ಕೆಳಗ ಬಿತ್ತು, ಮುಂದಿಂದು ಎಲ್ಲಿಂದ ಹಿಡೀಬೇಕಂತ ಅವರಿಗೇ ತಿಳೀಲಿಲ್ಲ. ಬೀಗರು ಮಾರಿ ಮಾರಿ ನೋಡಿಕೊಂಡ್ರು. ಮಾವನವರು ಬೆವತು, ಮೈಕ್ ಕೈಲೆ ಮುಚ್ಚಿ ನನ್ನ ಕರದ್ರು.

"ಅಳಿಯಂದ್ರ, ನನ್ನ ಶ್ರುತಿ ಎಲ್ಲಿ ಹೋತ್ರಿ?"

ಅಯ್ಯಯ್ಯೋ! ಆಗ ನನ್ನ ತಲಿಗೆ ಹೊಳೀತು. ಇಷ್ಟ್ ದಿನ ಅವರು ಆ ಗುಂಯ್ ಅನ್ನೂದನ್ನೇ ಶ್ರುತಿ ಹಿಡದು ಹಾಡ್ಯಾರ, ಅವರಿಗೇ ಗೊತ್ತಿಲ್ಲ! ಗಡಬಡಿಸಿ ಡಬ್ಬಿ ಕಿತ್ತು ಬಾಜೂಕ ಇಟ್ಟೆ. ಸ್ಪೀಕರ್ ಗುಂಯ್ ಅಂತು. ಮಾವನವರು ಕಣ್ಣು ಮುಚ್ಚಿದ್ರು, ದನಿ ತನ್ನ ಜಾಗಾಕ್ಕ ಬಂದು ಕುಂತಿತು.

ಎಲ್ಲಾ ಮುಗದ ಮ್ಯಾಲ ಬೀಗರು ಕೈ ಮುಗದು, "ಹಾಡಂತೂ ಭಾಳ ಛಲೋ ಆತ್ರಿ. ಆ ಹಿಂದ ತಂಬೂರಿ ಇತ್ತಲ್ಲ, ಒಂದೀಟೂ ಅಲಗಾಡಲಿಲ್ಲ ನೋಡ್ರಿ. ಎಲ್ಲಿಂದ ತರಿಸೀರಿ?" ಅಂತ ಕೇಳಿದ್ರು.

ಮಾವನವರು ನನ್ನ ಬೆನ್ನ ಮ್ಯಾಲ ಕೈ ಇಟ್ರು.

"ನಮ್ಮ ಅಳಿಯಂದ್ರ ಕೆಲಸಾ ಅದು. ಕಾಲೇಜಿನ್ಯಾಗ ಹುಡುಗರಿಗೆ ಇದನ್ನೇ ಕಲಸ್ತಾರ್ರಿ!"