ಕಮಲಾಕ್ಷಮ್ಮನ ಮನೆಗೆ ಬಂದ ಹಳದಿ ಗುಡಾಣ

ರವಿಕುಮಾರನ ಕಷ್ಟಕ್ಕೆಲ್ಲ ಕಾರಣ, ಅವನು ಊರಿನವರಿಗೆ ವಿಜ್ಞಾನವನ್ನು ಸುಲಭ ಮಾಡಿ ಹೇಳಲು ಹೋದದ್ದು. ಕಷ್ಟ ಮಾಡಿ ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಯಾರೂ ಸಹಾಯಕ್ಕೂ ಬರುತ್ತಿರಲಿಲ್ಲ.

2005ರ ಮಾತು. ಮಂಗಳೂರಿನ ಆಚೆ, ಸಮುದ್ರದೊಳಗೇ ಗಾಳಿಯಿಂದ ಕರೆಂಟು ತೆಗೆಯುವ ಕಂಬಗಳನ್ನು ನೆಡಬೇಕೆಂದು ಒಂದು ಕಂಪನಿ ಹೊರಟಿತ್ತು. ನೆಡುವ ಮೊದಲು ಅಲ್ಲಿ ಅಲೆ ಎಷ್ಟು ಎತ್ತರ ಏಳುತ್ತದೆಂದು ವರ್ಷಗಟ್ಟಲೆ ಅಳೆಯಬೇಕಲ್ಲ, ಅದಕ್ಕೊಂದು ತೇಲುವ ಯಂತ್ರ ಮಾಡಿಸಿದ್ದರು. ಹಳದಿ ಬಣ್ಣ, ಗುಂಡಗೆ, ಸೊಂಟದೆತ್ತರ, ತಲೆಯ ಮೇಲೊಂದು ಕಡ್ಡಿ. ಊರಿನವರು ಅದಕ್ಕೆ ಗುಡಾಣ ಎಂದು ಹೆಸರಿಟ್ಟಿದ್ದರು. ಸಮುದ್ರಕ್ಕೆ ಇಳಿಸುವ ಮುಂಚೆ ಅದು ಸುಳ್ಳು ಹೇಳುವುದಿಲ್ಲವೆಂದು ಗೊತ್ತಾಗಬೇಕು. ಅದಕ್ಕಾಗಿ ಅದನ್ನು ಹಳೇಬೀಡಿನ ಕೆರೆಯಲ್ಲಿ ಹಗ್ಗಕ್ಕೆ ಕಟ್ಟಿ ಒಂದು ಹಗಲು ಬಿಟ್ಟಿದ್ದರು. ನಿಂತ ನೀರಿನಲ್ಲಿ ಅದು ಸೊನ್ನೆಗೆ ಹತ್ತಿರ ತೋರಿಸಿದರೆ ಪಾಸು.

ಅಂಥ ಯಂತ್ರಗಳು ಇನ್ನೂ ಬರುವುದಿದ್ದುದರಿಂದ ಕೆರೆಗೊಬ್ಬ ಖಾಯಂ ಕಾವಲುಗಾರ ಬೇಕು ಎಂದು ಎಂಜಿನಿಯರ್ ವಿಜಯಸಾರಥಿ ಕಂಪನಿಗೆ ಬರೆದಿದ್ದರು. ಒಂಬತ್ತು ವರ್ಷ ಅಲ್ಲಿ ಇಲ್ಲಿ ಹಂಗಾಮಿ ಕೆಲಸ ಮಾಡಿ ಸವೆದು, ಈಗ ಗುಡಾಣ ಕಾಯುತ್ತಿದ್ದ ರವಿಕುಮಾರನ ಹೆಸರು ಆದೇಶದಲ್ಲಿ ಟೈಪಾಗಿತ್ತು. ಸಹಿ ಮಾತ್ರ ಬಾಕಿ. ಆ ಸಹಿಗಾಗಿ ಮಾದಿಹಳ್ಳಿಯಲ್ಲಿ ಇನ್ನೊಬ್ಬಳೂ ಕಾಯುತ್ತಿದ್ದಳು. ಶಾಲೆಯ ಟೀಚರ್ ಮಾಲಿನಿ ಅವನಿಗಾಗಿ ಎರಡು ಸಂಬಂಧ ಬಿಟ್ಟವಳು. ಅವಳಪ್ಪ ಹೊನ್ನಯ್ಯ, "ಖಾಯಂ ಆದ ದಿನ ಬಾರಪ್ಪ, ತಾಂಬೂಲ ಬದಲಾಯಿಸ್ಕೊಳ್ಳೋಣ. ಈ ತಿಂಗಳು ದಾಟಿದ್ರೆ ನನ್ನ ದಾರಿ ನಂದು," ಎಂದಿದ್ದರು. ತಿಂಗಳಿಗೆ ಇನ್ನು ಎರಡೇ ದಿನ ಉಳಿದಿತ್ತು.

ಆದ್ದರಿಂದ ರವಿಕುಮಾರ ಮನೆಮನೆಗೂ ಹೋಗಿ ಹೇಳಿದ್ದ: "ಶುಕ್ರವಾರ ಒಂದಿನ ಎಮ್ಮೆ ಇಳಿಸ್ಬೇಡಿ, ಬಟ್ಟೆ ಒಗೀಬೇಡಿ. ಬೆಳಗಿಂದ ಸಂಜೆವರ್ಗೂ ಆ ಗುಡಾಣ ಅಲ್ಲಾಡ್ಬಾರ್ದು. ಅಲ್ಲಾಡಿದ್ರೆ ನನ್ನ ಕೆಲಸ ಹೋಯ್ತು ಅಂತ್ಲೇ ಲೆಕ್ಕ."

ಊರಿನ ಮನಸ್ಸು ಕರಗಿತು. ಶುಕ್ರವಾರ ಬೆಳಿಗ್ಗೆ ಕೆರೆಗೆ ಒಂದು ಎಮ್ಮೆಯೂ ಇಳಿಯಲಿಲ್ಲ.

ಒಂಬತ್ತು ಗಂಟೆಗೆ ಎಸ್‌ಟಿಡಿ ಬೂತಿನ ಉಗ್ರಪ್ಪ ಏರಿಯ ಮೇಲೆ ಓಡಿಬಂದ. "ನಿಮ್ಮ ಸಾಹೇಬ್ರು ಫೋನ್ ಮಾಡಿದ್ರು ಕಣ್ರೀ. ಗುಡಾಣದ ಲೆಕ್ಕ ಓದೋ ಪೆಟ್ಟಿಗೆ ಅರಸೀಕೆರೆ ಸ್ಟೇಷನ್ನಿಗೆ ಪಾರ್ಸಲ್ ಬಂದೈತಂತೆ. ನೀವೇ ತರ್ಬೇಕಂತೆ. ಅವ್ರು ಮಂಗಳೂರಿಂದ ಜೀಪಲ್ಲಿ ಐದಕ್ಕೆ ಬತ್ತಾರಂತೆ."

ಬೇರೆ ದಾರಿ ಇರಲಿಲ್ಲ. ತೆಪ್ಪದ ಲಕ್ಕಪ್ಪನನ್ನು ಕಾವಲಿಗೆ ಕೂರಿಸಿ, "ಲಕ್ಕಪ್ಪಣ್ಣ, ಅಲ್ಲಾಡ್ಬಾರ್ದು, ನಿನ್ನ ಕೈಲೈತೆ ನನ್ನ ಜೀವ," ಎಂದು ರವಿಕುಮಾರ ಬಸ್ಸು ಹತ್ತಿದ.

ಅರಸೀಕೆರೆಯ ಪಾರ್ಸಲ್ ಗುಮಾಸ್ತ ಊಟಕ್ಕೆ ಹೋದವನು, ಊಟವನ್ನು ಬೆಳೆದು ತಿನ್ನುತ್ತಿದ್ದಾನೋ ಎಂಬಷ್ಟು ಹೊತ್ತು ಬರಲಿಲ್ಲ. ಬಂದವನು, ಪೆಟ್ಟಿಗೆ ವಿಜಯಸಾರಥಿಯ ಹೆಸರಿನಲ್ಲಿದೆ, ನೀವು ವಿಜಯಸಾರಥಿ ಅಲ್ಲವಲ್ಲ ಎಂದ. ಅಲ್ಲ ಎಂಬುದನ್ನು ಒಪ್ಪಿಕೊಂಡು, ಕೈಮುಗಿದು, ಪೆಟ್ಟಿಗೆ ಬಿಡಿಸಿಕೊಳ್ಳುವಷ್ಟರಲ್ಲಿ ಎರಡೂವರೆ. ರವಿಕುಮಾರ ಹಳೇಬೀಡಿನಲ್ಲಿ ಇಳಿದಾಗ ನಾಲ್ಕೂಕಾಲು.

ಏರಿ ಹತ್ತಿ ನೋಡಿದ. ಕೆರೆ ಇತ್ತು, ಗುಡಾಣ ಇರಲಿಲ್ಲ.

ಲಕ್ಕಪ್ಪ ಬೇವಿನ ಮರದಡಿ ನೆಮ್ಮದಿಯಾಗಿ ಎಲೆಯಡಿಕೆ ಹಾಕುತ್ತಿದ್ದ. "ಹೆದರ್ಬ್ಯಾಡ ಕಣಪ್ಪ. ನೀನು ಹೋದ ಮ್ಯಾಲೆ ಗಾಳಿ ಬೀಸ್ತು, ನಿನ್ನ ಗುಡಾಣ ಕುಣಿಯಕ್ಕೆ ಶುರು ಮಾಡ್ತು. ನನ್ನೆದೆ ಹೊಡ್ಕಂತು. ಹತ್ತು ಗಂಟೆಗೇ ಎತ್ಕಂಡೋಗಿ ಕಮಲಾಕ್ಷಮ್ಮೋರ ಮನೇಲಿ ಮಡಗಿವ್ನಿ. ಆಗ್ಲಿಂದ ಒಂದು ಕೂದ್ಲೆಳೆಯಷ್ಟೂ ಅಲ್ಲಾಡಿಲ್ಲ."

ಬೈಯಬೇಕೆಂದು ಬಾಯಿ ತೆರೆದರೆ ರವಿಕುಮಾರನಿಗೆ ಅಳು ಬಂತು. ಏರಿಯ ಕೆಳಗಿನ ಕಮಲಾಕ್ಷಮ್ಮನ ಮನೆಗೆ ಓಡಿದ.

ನಡುಮನೆಯಲ್ಲಿ ಮಣೆಯ ಮೇಲೆ ಗುಡಾಣ ಕೂತಿತ್ತು. ಹಣೆಯಿರಬಹುದಾದ ಜಾಗಕ್ಕೆ ಕುಂಕುಮ, ಕಡ್ಡಿಗೆ ಸೇವಂತಿಗೆ ಮಾಲೆ, ಮುಂದೆ ಉರಿಯುವ ದೀಪ.

"ಕೊಡಿ ಅಮ್ಮಾ, ಸಾಹೇಬ್ರು ಬರ್ತಿದಾರೆ," ಎಂದು ಕೈ ಹಾಕಿದ.

ಕಮಲಾಕ್ಷಮ್ಮ ಅಡ್ಡ ನಿಂತರು. "ಕೆರೆಯಿಂದ ಮನೆಗೆ ಬಂದ ಗಂಗಮ್ಮ ಕಣೋ. ಶುಕ್ರವಾರ ಬೇರೆ. ಮಡಿಲು ತುಂಬದೆ ಕಳಿಸಿದ್ರೆ ನಿಂಗೂ ಏಳ್ಗೆ ಇಲ್ಲ, ನಂಗೂ ಏಳ್ಗೆ ಇಲ್ಲ."

ಮಡಿಲಕ್ಕಿಗೆ ಅಕ್ಕಿ ಸಿಕ್ಕಿತು, ಕಾಯಿ ಸಿಕ್ಕಿತು, ರವಿಕೆ ಕಣ ಸಿಗಲಿಲ್ಲ. ಮೂರು ಟ್ರಂಕು ತೆರೆದು ಹುಡುಕಿದರು. ಗುಡಾಣಕ್ಕೆ ಮಡಿಲು ಎಲ್ಲಿದೆ ಎಂಬ ಚರ್ಚೆಗೆ ಐದು ನಿಮಿಷ ಹೋಯಿತು. ರವಿಕುಮಾರ ತನ್ನ ಮದುವೆಯೇ ಕಣ್ಣೆದುರಿಗೆ ಮುರಿದುಬೀಳುವುದನ್ನು ನೋಡುವವನ ಹಾಗೆ ಗೋಡೆಗೆ ಒರಗಿ ನಿಂತಿದ್ದ.

ಕೊನೆಗೆ ಅವನೂ ಲಕ್ಕಪ್ಪನೂ ಗುಡಾಣ ಹೊತ್ತು ತೆಪ್ಪದಲ್ಲಿಟ್ಟು ಹೋದಾಗ ಐದಕ್ಕೆ ಹತ್ತು ನಿಮಿಷ. ಹಗ್ಗಕ್ಕೆ ಕಟ್ಟುವಾಗ ತೆಪ್ಪ ವಾಲಿತು. ರವಿಕುಮಾರ ಗುಡಾಣವನ್ನು ತಬ್ಬಿಕೊಂಡೇ ನೀರಿಗೆ ಬಿದ್ದ. ಲಕ್ಕಪ್ಪ ಜುಟ್ಟು ಹಿಡಿದು ಎಳೆದು ದಡ ಸೇರಿಸುವುದಕ್ಕೂ ಏರಿಯ ಮೇಲೆ ಜೀಪು ನಿಲ್ಲುವುದಕ್ಕೂ ಸರಿಹೋಯಿತು.

ವಿಜಯಸಾರಥಿ ಒಳ್ಳೆಯವರು, ಆದರೆ ಕಾಗದ ಹೇಳಿದ್ದನ್ನು ಮಾತ್ರ ನಂಬುವವರು. ಗುಡಾಣವನ್ನು ದಡಕ್ಕೆ ತರಿಸಿದರು. "ಕುಂಕುಮ ಯಾಕ್ರೀ?" ಎಂದರು.

"ಒಳ್ಳೇದಾಗ್ಲಿ ಅಂತ ಸಾರ್," ಎಂದ ರವಿಕುಮಾರ. ಅದು ಸುಳ್ಳಾಗಿರಲಿಲ್ಲ.

ಪೆಟ್ಟಿಗೆಗೆ ತಂತಿ ಜೋಡಿಸಿದರು. ಉದ್ದನೆಯ ಕಾಗದ ಹೊರಗೆ ಬಂತು. ಎಂಜಿನಿಯರರ ಹುಬ್ಬು ಮೇಲೇರಿತು. ಈಗ ಸಿಕ್ಕಿಬಿದ್ದೆ ಎಂದುಕೊಂಡ ರವಿಕುಮಾರ.

"ರವಿಕುಮಾರ್, ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಂಥ ಕೆರೆ ನಾನು ನೋಡಿಲ್ಲ. ಆರೂವರೆ ಗಂಟೆ ಹೊತ್ತು ಪೂರ್ತಿ ಸೊನ್ನೆ. ಬೇರೆ ಕಡೆ ಹೆಬ್ಬೆರಳಷ್ಟಾದ್ರೂ ಅಲೆ ಇರುತ್ತೆ. ಯಂತ್ರ ಪಾಸು."

ರವಿಕುಮಾರನ ಎದೆಯೊಳಗೆ ಮಾದಿಹಳ್ಳಿಯ ತಾಂಬೂಲದ ತಟ್ಟೆ ಮಿಂಚಿತು. ಎಂಜಿನಿಯರ್ ಆದೇಶದ ಕಾಗದವನ್ನು ಚೀಲದಿಂದ ಹೊರತೆಗೆದರು. ಪೆನ್ನಿನ ಮುಚ್ಚಳ ಬಿಚ್ಚಿದರು. ಆಮೇಲೆ ಮತ್ತೊಮ್ಮೆ ಲೆಕ್ಕದ ಕಾಗದ ನೋಡಿದರು.

"ಎರಡೇ ಎರಡು ಸಲ ಆಳೆತ್ತರದ ಅಲೆ ಎದ್ದಿದೆ. ಬೆಳಿಗ್ಗೆ ಹತ್ತಕ್ಕೊಂದು, ಈಗ ಹತ್ತು ನಿಮಿಷದ ಹಿಂದೆ ಒಂದು. ಆಗ ನೀರಲ್ಲಿ ಯಾರಿದ್ರು?"

ಲಕ್ಕಪ್ಪ ಏನೋ ಹೇಳಲು ಬಾಯಿ ತೆರೆದ. ಅವನು ನಿಜ ಹೇಳಿದರೆ ಪರೀಕ್ಷೆಯೇ ರದ್ದು. ರವಿಕುಮಾರ ಮುಂದೆ ಬಂದ. ಅವನ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎರಡೂ ಸಲ ನಾನೇ ಸಾರ್. ಅರಸೀಕೆರೆ ಬಸ್ಸು ಹತ್ತೋ ಮುಂಚೆ ಒಂದ್ಸಲ, ಬಂದ್ಮೇಲೆ ಒಂದ್ಸಲ, ಹಗ್ಗ ನೋಡಕ್ಕೆ ಇಳಿದಿದ್ದೆ."

ವಿಜಯಸಾರಥಿ ನಿಟ್ಟುಸಿರು ಬಿಟ್ಟು ಆದೇಶವನ್ನು ಮಗುಚಿ, ಅದರ ಬೆನ್ನ ಮೇಲೆ ಬರೆಯತೊಡಗಿದರು. ಬರೆಯುತ್ತ ಗಟ್ಟಿಯಾಗಿಯೇ ಓದಿದರು: "ಈ ಕೆರೆ ತಾನಾಗಿ ಅಲ್ಲಾಡುವುದಿಲ್ಲ. ಕಾವಲುಗಾರ ಇಳಿದಾಗ ಮಾತ್ರ ಅಲ್ಲಾಡುತ್ತದೆ. ಆದ್ದರಿಂದ ಕಾವಲುಗಾರನ ಹುದ್ದೆ ಅಗತ್ಯವಿಲ್ಲ."

"ಬೇಜಾರ್ ಮಾಡ್ಕೋಬೇಡಿ," ಎಂದು ಅವನ ಒದ್ದೆ ಹೆಗಲು ತಟ್ಟಿ ಜೀಪು ಹತ್ತಿದರು.

ಜೀಪಿನ ಧೂಳು ಅಡಗುವಷ್ಟರಲ್ಲಿ ಮಾದಿಹಳ್ಳಿಯ ಬಸ್ಸು ಬಂತು. ರವಿಕುಮಾರ ಕೈ ಮಾಡಲಿಲ್ಲ, ಅದು ಹೋಯಿತು. ಕಮಲಾಕ್ಷಮ್ಮ ಏರಿ ಹತ್ತಿ ಬಂದು ಗಂಗಮ್ಮನ ಪ್ರಸಾದವೆಂದು ಅರ್ಧ ಹೋಳು ಕಾಯಿಯನ್ನು ಅವನ ಕೈಯಲ್ಲಿಟ್ಟರು.

"ಸೊನ್ನೆ ಬಂತು ಅಂದ್ರಲ್ಲ ಸಾಹೇಬ್ರು, ನನ್ ಕಿವಿಯಾರ ಕೇಳ್ದೆ," ಎಂದ ಲಕ್ಕಪ್ಪ, ಅವನ ಪಕ್ಕದಲ್ಲಿ ಕೂರುತ್ತ. ಮುಖದ ತುಂಬ ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿತ್ತು. "ಮುಂದಿನ ಗುಡಾಣ ಯಾವತ್ತು ಬತ್ತದೆ, ಮೊದ್ಲೇ ಹೇಳ್ಬಿಡು. ಅಮ್ಮಾರು ರವಿಕೆ ಕಣ ತಂದಿಟ್ಕಂಡಿರ್ತಾರೆ."